ಕಾಡಿನಲ್ಲಿ ಹೂಂಗುಟ್ಟಿದವರು

ದೆವ್ವ, ಗಾಳಿ, ಶಕುನ ಇಂಥ ಮಾತು ಬಂದರೆ ನಾನು ನಕ್ಕು ಎದ್ದು ಹೋಗುತ್ತಿದ್ದವನು. ಓದಿನಿಂದ ಬಂದ ಗುಣವಲ್ಲ ಅದು, ಕಸುಬಿನಿಂದ ಬಂದದ್ದು. ಆಗ ನಾನು ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಒಂದು ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಆದರೆ ನಮ್ಮ ಜನರ ನಡುವೆ ನನಗೆ ಹೆಸರಿದ್ದದ್ದು ಬೇರೆಯದಕ್ಕೆ: ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಹಳೆಯ ಕಾರು ಕೊಡಿಸುವುದಕ್ಕೆ. ಮಾರುವವನು ಎಷ್ಟೇ ಸವಿಯಾಗಿ ಮಾತಾಡಲಿ, ನಾನು ಮೊದಲು ಬಾಗಿಲಿನ ಕೆಳಗಿನ ಅಂಚಿಗೆ ಬೆರಳು ಹಾಕಿ ಸವರುತ್ತಿದ್ದೆ. ಗುದ್ದಿಸಿಕೊಂಡು ಮತ್ತೆ ಬಣ್ಣ ಬಳಿದ ಕಾರಾಗಿದ್ದರೆ ಅಲ್ಲಿ ತರಿತರಿ ಕೈಗೆ ಸಿಗುತ್ತದೆ. ನೀವೂ ಹಳೆ ಕಾರು ಕೊಳ್ಳುವಾಗ ಹಾಗೆ ಮಾಡಿ, ನನ್ನನ್ನು ನೆನೆಯುತ್ತೀರಿ. ಅಂಥವನು ಈಗ ಒಂದು ರಾತ್ರಿಯ ವಿಷಯ ಬರೆಯಲು ಕೂತಿದ್ದೇನೆ. ಇಷ್ಟು ವರ್ಷ ಇದನ್ನೂ ಎಲ್ಲ ಕಡೆ ಸವರಿ ನೋಡಿದ್ದೇನೆ. ಬಣ್ಣ ಬಳಿದ ಜಾಗ ಸಿಕ್ಕಿಲ್ಲ.

ದಿನಕ್ಕೊಂದು ಇಂಟರ್ನೆಟ್ ಕಂಪನಿ ಹುಟ್ಟುತ್ತಿದ್ದ ಆ ಡಾಟ್‌ಕಾಮ್ ಕಾಲದಲ್ಲಿ ಬಿಟ್ಟಿ ಸಿಗುತ್ತಿದ್ದ ಸುಖ ನಮಗೆ ಒಂದೇ ಒಂದು, ಅದು ಕಾಡು. ರಾಷ್ಟ್ರೀಯ ಪಾರ್ಕುಗಳಲ್ಲಿ ಟೆಂಟಿಗೆ ತಿಂಗಳುಗಟ್ಟಲೆ ಮುಂಚೆ ಜಾಗ ಕಾದಿರಿಸಿ, ದುಡ್ಡು ಕಟ್ಟಿ, ಪಕ್ಕದ ಟೆಂಟಿನವರ ರೇಡಿಯೋ ಕೇಳುತ್ತಾ ಮಲಗುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತಿತ್ತು. ಪಾರ್ಕು ಬೇರೆ, ಸರ್ಕಾರಿ ಅರಣ್ಯ ಬೇರೆ. ಅರಣ್ಯದಲ್ಲಿ ಬಹುಪಾಲು ಕಡೆ ಯಾರು ಬೇಕಾದರೂ ಟೆಂಟು ಹಾಕಬಹುದು, ಕೇಳುವವರಿಲ್ಲ, ಕಾಸಿಲ್ಲ. ನಲ್ಲಿ, ಕಕ್ಕಸು ಯಾವುದೂ ಇರುವುದಿಲ್ಲ, ಅಷ್ಟೇ. ಜಾಗ ಹುಡುಕುವುದಕ್ಕೆ ಒಂದು ಕ್ರಮವಿದೆ. ಕಾಡಿನ ತಪ್ಪಲಿನ ಊರಿನಲ್ಲಿರುವ ರೇಂಜರ್ ಆಫೀಸಿಗೆ ಹೋಗಿ ನಕ್ಷೆ ತೆಗೆದುಕೊಳ್ಳಿ. ಒಲೆ ಹಚ್ಚಲು ಅನುಮತಿ ಚೀಟಿ ಬೇಕು, ಅದನ್ನೂ ಪುಕ್ಕಟೆ ಕೊಡುತ್ತಾರೆ. ನಕ್ಷೆಯಲ್ಲಿ ಹೆಸರಿರುವ ರಸ್ತೆ ಬಿಟ್ಟು ಬರೀ ನಂಬರಿರುವ ಮಣ್ಣುದಾರಿ ಹಿಡಿಯಿರಿ, ಅದರಿಂದಲೂ ಕವಲೊಡೆದು ಎಲ್ಲಿಗೂ ಹೋಗದೆ ನಿಂತುಬಿಡುವ ದಾರಿ ನೋಡಿ. ಅಲ್ಲಿ ಯಾರೋ ಹಿಂದೆ ಇಳಿದುಕೊಂಡಿದ್ದ ಗುರುತು ಇದ್ದೇ ಇರುತ್ತದೆ: ತುಳಿದು ಮಟ್ಟವಾದ ನೆಲ, ಬೆಂಕಿಯ ಸುತ್ತ ಬಳೆಯಂತೆ ಜೋಡಿಸಿದ ಮಸಿ ಹಿಡಿದ ಕಲ್ಲು. ಅಲ್ಲೇ ಇಳಿಯಿರಿ, ಹೊಸ ಜಾಗ ಕೆಡಿಸಬೇಡಿ. ಟೆಂಟು ಹೊಡೆಯುವ ಮುಂಚೆ ತಲೆ ಎತ್ತಿ ಮುರಿದು ಬೀಳುವಂಥ ಒಣ ಕೊಂಬೆ ಇದೆಯೇ ನೋಡಿಕೊಳ್ಳಿ. ಊಟದ ಸಾಮಾನು ಕಾರಿನೊಳಗೇ ಇರಲಿ, ಕರಡಿ ಇದೆ. ಒಂದೇ ಜಾಗದಲ್ಲಿ ಎರಡು ವಾರ ಮೀರಿ ಇರುವಂತಿಲ್ಲ, ಇದೊಂದು ಕಾನೂನು.

ಇದನ್ನೆಲ್ಲ ನಾನು ಹೇಳಿಕೊಟ್ಟದ್ದು ಲೋಕೇಶನಿಗೆ. ಮದ್ದೂರಿನ ಕಡೆಯ ಹುಡುಗ, ಕ್ಯಾಂಪ್‌ಬೆಲ್ಲಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ಜೊತೆಗಿದ್ದವನು, ನನಗಿಂತ ಏಳೆಂಟು ವರ್ಷ ಚಿಕ್ಕವನು. ಉತ್ತರಕ್ಕೆ ಮೆಂಡೊಸಿನೊ ಕಾಡಿಗೆ ನಾವಿಬ್ಬರೂ ಎಷ್ಟೋ ಸಲ ಹೋಗಿದ್ದೆವು. ಅಡಿಗೆ ಅವನದು. ಅಲ್ಲಿಯವರು ಬಳೆಯಂತೆ ಸುತ್ತ ಕಲ್ಲಿಟ್ಟು ಬೆಂಕಿ ಹಾಕುತ್ತಾರೆ. ಲೋಕಿ ಅದರಿಂದ ಮೂರೇ ಕಲ್ಲು ಎತ್ತಿಕೊಂಡು ನಮ್ಮ ಊರಿನ ಒಲೆ ಹೂಡುತ್ತಿದ್ದ. ಹೊರಡುವಾಗ ನೀರು ಚೆಲ್ಲಿ, ಬೂದಿ ಕದಡಿ, ಮೂರರಲ್ಲಿ ಒಂದು ಕಲ್ಲನ್ನು ಮಗ್ಗುಲಿಗೆ ಉರುಳಿಸುತ್ತಿದ್ದ. ಅವನ ತಾತ ಎತ್ತಿನಗಾಡಿಯಲ್ಲಿ ಬೆಲ್ಲ ಸಾಗಿಸುತ್ತಿದ್ದವರಂತೆ. ದಾರಿಯಲ್ಲಿ ಉಂಡು ಹೊರಡುವಾಗ ಗಾಡಿಯವರೆಲ್ಲ ಹಾಗೆ ಮಾಡುತ್ತಿದ್ದರಂತೆ.

“ಒಲೆ ಹಂಗೇ ನಿಂತಿದ್ರೆ ಹಸ್ದಿರೋದು ಯಾವ್ದಾದ್ರೂ ಬಂದು ಕಾಯ್ಕೊಂಡ್ ಕೂರ್ತದೆ ಕಣಣ್ಣಾ. ಕಲ್ಲು ಮಲಗ್ಸಿದ್ರೆ ಇಲ್ಲಿ ಊಟ ಮುಗೀತು ಅಂತ.”

“ಅಮೆರಿಕದ ದೆವ್ವಕ್ಕೆ ನಿಮ್ಮೂರಿನ ಗಾಡಿ ಭಾಷೆ ಎಲ್ಲಿ ಅರ್ಥ ಆಗತ್ತೋ?” ಎಂದು ನಾನು ಛೇಡಿಸಿದರೆ, “ಅರ್ಥ ಆಗ್ದಿದ್ರೆ ನೀನೇ ಚೌಕಾಸಿ ಮಾಡಿ ಕಳ್ಸು” ಅನ್ನುತ್ತಿದ್ದ.

ಆಮೇಲೆ ಕಂಪನಿಗಳು ಒಂದೊಂದಾಗಿ ಮುಚ್ಚತೊಡಗಿದವು. ಲೋಕಿಯ ಕೆಲಸ ಹೋಯಿತು. ಕೆಲಸ ಹೋದರೆ ವೀಸಾ ಹೋಯಿತು ಎಂದೇ ಲೆಕ್ಕ. ಅವನು ಊರಿಗೆ ತಿಳಿಸಲಿಲ್ಲ, ಇಲ್ಲಿನ ಕನ್ನಡದವರಿಗೂ ಹೇಳಬೇಡ ಎಂದ. “ಊರಲ್ಲಿ ಅಷ್ಟು ಜನ ಸೇರಿ ಹಾರ ಹಾಕಿ ಕಳ್ಸವ್ರೆ. ಈಗ ಏನಂತ ಹೇಳ್ಲಿ?” ಇನ್ನೊಂದು ದಿನ ನಗುತ್ತಾ, “ಕಾಡಲ್ಲಿ ಬಾಡಿಗೆ ಕೇಳೋರಿಲ್ಲ, ಹೋಗಿ ಕೂತ್ಬಿಟ್ರಾಯ್ತು” ಅಂದ. ಕೆಲವು ದಿನಗಳಲ್ಲಿ ಸ್ಯಾಕ್ರಮೆಂಟೋದಲ್ಲಿ ಏನೋ ಸಿಕ್ಕಿತು ಎಂದು ಹೇಳಿ, ಬಟ್ಟೆ ಪಾತ್ರೆ ಕಾರಿಗೆ ತುಂಬಿಕೊಂಡು ಹೊರಟುಹೋದ. ಕೊಟ್ಟ ನಂಬರಿಗೆ ಫೋನು ಮಾಡಿದರೆ ಅದು ಚಾಲ್ತಿಯಲ್ಲಿರಲಿಲ್ಲ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅವನ ಅಕ್ಕ ಮದ್ದೂರಿನಿಂದ ಫೋನು ಮಾಡಿದರು. “ಅಣ್ಣಾ, ಲೋಕಿ ಮಾತಾಡಿ ಎರಡು ತಿಂಗ್ಳು ಮೇಲಾಯ್ತು. ಭಾನುವಾರ ತಪ್ಪಿಸ್ದೋನೇ ಅಲ್ಲ. ಅವ್ವಂಗೆ ದಿನಾ ಒಂದು ಸುಳ್ಳು ಹೇಳ್ತಾ ಇವ್ನಿ. ಬದುಕವ್ನಾ ಅಂತ ಒಂದ್ ಮಾತು ತಿಳ್ಕೊಂಡ್ ಹೇಳಿ ಸಾಕು. ಇನ್ನೇನೂ ಬ್ಯಾಡ.”

ಪೊಲೀಸರಿಗೆ ಹೇಳಿದರೆ ವೀಸಾ ಇಲ್ಲದವನನ್ನು ನಾವೇ ಹಿಡಿದುಕೊಟ್ಟಂತೆ. ಯೋಚಿಸಿದಷ್ಟೂ ನನಗೆ ಅವನ ಕಾಡಿನ ಮಾತೇ ನೆನಪಾಯಿತು. ಶುಕ್ರವಾರ ರಜ ಹಾಕಿ ಹೊರಟೆ. ರೇಂಜರ್ ಆಫೀಸಿನಲ್ಲಿದ್ದವನು ಚೀಟಿ ಕೊಡುತ್ತಾ, ಮೇಲೆ ಈಗ ಯಾರೂ ಇಲ್ಲ, ಜೋರು ಮಳೆ ಬಂದ ಕೂಡಲೇ ಗೇಟು ಹಾಕಿಬಿಡುತ್ತೇವೆ, ಆಮೇಲೆ ವಸಂತದವರೆಗೆ ತೆಗೆಯುವುದಿಲ್ಲ ಎಂದ.

ನಾವು ಯಾವಾಗಲೂ ಇಳಿಯುತ್ತಿದ್ದ ಜಾಗದಲ್ಲಿ ಹಳೆಯ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಎರಡು ವಾರದ ಕಾನೂನಿಗೆ ಹೆದರಿ ಜಾಗ ಬದಲಿಸಿರಬಹುದೆಂದು ಕವಲುದಾರಿಗಳನ್ನೆಲ್ಲ ಹುಡುಕಿದೆ. ಹೊತ್ತು ಇಳಿಯುತ್ತಿರುವಾಗ, ನಾವು ಹಿಂದೆಂದೂ ಹೋಗದ ಒಂದು ದಾರಿಯ ತುದಿಯಲ್ಲಿ, ದೊಡ್ಡ ಓಕ್ ಮರದ ಕೆಳಗೆ ಅದು ಕಂಡಿತು. ಮೂರು ಕಲ್ಲಿನ ಒಲೆ. ಸುತ್ತಲಿನ ನೆಲವನ್ನು ಸೊಪ್ಪಿನ ಕೊಂಬೆಯಿಂದ ಗುಡಿಸಿದ್ದರು, ಗೀರು ಕಾಣುತ್ತಿತ್ತು. ಬೂದಿಯೊಳಗೆ ಕೈ ಹಾಕಿದೆ. ಬೆಚ್ಚಗಿತ್ತು.

“ಲೋಕೀ!” ಎಂದು ಕೂಗಿದೆ. ಮತ್ತೆ ಮತ್ತೆ ಕೂಗಿದೆ. ಟೆಂಟಿಲ್ಲ, ಕಾರಿಲ್ಲ, ಒಂದು ಬಟ್ಟೆಯೂ ಇಲ್ಲ. ನನ್ನ ಕಾರಿನ ಸದ್ದಿಗೆ ಹೆದರಿ ಮರದ ಮರೆಗೆ ಹೋಗಿದ್ದಾನೆ, ಮುಖ ತೋರಿಸಲು ನಾಚಿಕೆ ಎಂದುಕೊಂಡೆ. ಚೌಕಾಸಿಯಲ್ಲಿ ಒಂದು ಪಾಠವಿದೆ: ಎದುರಿನವನು ಹಿಂಜರಿದರೆ ನೀವು ಬೆನ್ನು ಹತ್ತಬೇಡಿ, ಆರಾಮಾಗಿ ಕೂತುಬಿಡಿ. ನಾನೂ ಕೂತೆ. ಅದೇ ಒಲೆ ಹಚ್ಚಿ ಅನ್ನ ಮಾಡಿ, ತಂದಿದ್ದ ಸಾರು ಬಿಸಿಗಿಟ್ಟೆ. ಆ ತಿಂಗಳಲ್ಲಿ ಐದು ಗಂಟೆಗೆಲ್ಲ ಕತ್ತಲು.

ಉರಿಯ ಕಡೆ ಮುಖ ಮಾಡಿ ಮಾತಾಡತೊಡಗಿದೆ. “ಲೋ, ಅಕ್ಕ ಫೋನ್ ಮಾಡಿದ್ರು ಕಣೋ. ಅವ್ವಂಗೆ ಇನ್ನೂ ಗೊತ್ತಿಲ್ವಂತೆ. ಯಾರೂ ನಿನ್ನ ಏನೂ ಅನ್ನಲ್ಲ.”

ಬಲಗಡೆ, ಬೆಳಕು ಮುಟ್ಟದ ಕಡೆಯಿಂದ, “ಹೂಂ” ಎಂಬ ಸದ್ದು ಬಂತು.

ನಮ್ಮ ಕಡೆ ಯಾರಾದರೂ ಕತೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಆ ಹೂಂ ಅದು. ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ, ಮುಂದೆ ಹೇಳು ಎನ್ನುವಂಥದು. ಗೂಬೆ ಹಾಗೆ ಅನ್ನುವುದಿಲ್ಲ, ಅಮೆರಿಕದವರೂ ಅನ್ನುವುದಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಇದ್ದಾನೆ, ಬದುಕಿದ್ದಾನೆ ಎಂದು ಕಣ್ಣಲ್ಲಿ ನೀರು ಬಂತು. ಏಳಲಿಲ್ಲ, ತಿರುಗಿ ನೋಡಲೂ ಇಲ್ಲ. ಎದ್ದರೆ ಓಡಿಹೋಗುತ್ತಾನೆ ಎಂಬ ಭಯ.

ಮಾತಾಡುತ್ತಾ ಹೋದೆ. ಮೊದಲು ಕೆಲಸದ ವಿಷಯ, ರೆಡ್‌ವುಡ್ ಸಿಟಿಯಲ್ಲಿ ಯಾವುದೋ ಕಂಪನಿ ಜನ ತೆಗೆದುಕೊಳ್ಳುತ್ತಿರುವ ವಿಷಯ. ನಾನು ನಿಲ್ಲಿಸಿದಾಗೆಲ್ಲ ಹೂಂ ಬರುತ್ತಿತ್ತು. ಮಾತಿನ ನಡುವೆ, ಬರಬಾರದ ಜಾಗದಲ್ಲಿ ಒಂದು ಸಲವೂ ಬರಲಿಲ್ಲ. ಆಮೇಲೆ ಹೇಗೋ ಮಾತು ನನ್ನ ಕಡೆಗೆ ಹೊರಳಿತು. ಅವನು ಹೋದ ಮೇಲೂ ಇಬ್ಬರಿಗಾಗುವಷ್ಟು ಅನ್ನ ಇಡುತ್ತೇನೆ, ಮಾರನೆಯ ದಿನ ಚೆಲ್ಲುತ್ತೇನೆ. ಮನುಷ್ಯರ ದನಿ ಇರಲಿ ಎಂದು ಟೀವಿ ಹಾಕಿಕೊಂಡೇ ನಿದ್ದೆ ಮಾಡುತ್ತೇನೆ. ಕಾರು ಕೊಡಿಸಿದ ಹುಡುಗರು ಕಾರು ಸಿಕ್ಕ ಮೇಲೆ ಯಾರೂ ಫೋನು ಮಾಡುವುದಿಲ್ಲ. ಭಾನುವಾರ ಮಧ್ಯಾಹ್ನ ಕೊಳ್ಳುವ ಉದ್ದೇಶವೇ ಇಲ್ಲದೆ ಕಾರಿನ ಅಂಗಡಿಗೆ ಹೋಗಿ ಚೌಕಾಸಿ ಮಾಡಿ ಬರುತ್ತೇನೆ, ಯಾರಾದರೂ ಅರ್ಧ ಗಂಟೆ ನನ್ನ ಜೊತೆ ಮಾತಾಡಲಿ ಎಂದು. ಇವನ್ನೆಲ್ಲ ನಾನು ಅದಕ್ಕೆ ಮುಂಚೆ ಯಾರಿಗೂ ಹೇಳಿರಲಿಲ್ಲ. ಪ್ರತಿಯೊಂದಕ್ಕೂ ಹೂಂ ಬಂತು. ಕೊನೆಕೊನೆಗೆ ಅದು ಮೆತ್ತಗಾಗಿತ್ತು.

ತಟ್ಟೆಗೆ ಅನ್ನ ಸಾರು ಹಾಕಿ ಬಲಗಡೆ ಒಂದು ಬಂಡೆಯ ಮೇಲಿಟ್ಟು, “ನಾನು ಕಾರಲ್ಲಿ ಮಲಗ್ತೀನಿ, ನೀನು ಉಣ್ಣು” ಎಂದು ಹೇಳಿ ಹೋಗಿ ಮಲಗಿಬಿಟ್ಟೆ. ಕಾಡಿನಲ್ಲಿ ಊಟ ಹೊರಗಿಡಬಾರದೆಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಅಂದು ಇಟ್ಟೆ. ಎಷ್ಟೋ ದಿನಗಳ ಮೇಲೆ ಅಷ್ಟು ಗಾಢವಾಗಿ ನಿದ್ದೆ ಬಂತು.

ಬೆಳಕು ಹರಿದ ಮೇಲೆ ಎದ್ದು ನೋಡಿದೆ. ತಟ್ಟೆಯನ್ನು ಬೂದಿ ಹಾಕಿ ಬೆಳಗಿ, ಬಂಡೆಯ ಮೇಲೆ ಬೋರಲು ಹಾಕಿದ್ದರು. ಬೂದಿಗೆ ನೀರು ಚೆಲ್ಲಿತ್ತು. ಒಲೆಯ ಒಂದು ಕಲ್ಲು ಮಗ್ಗುಲಾಗಿ ಮಲಗಿತ್ತು.

ಇನ್ನೇನು ಪುರಾವೆ ಬೇಕು? “ಮುಂದಿನ ಶನಿವಾರ ಬರ್ತೀನಿ ಕಣೋ!” ಎಂದು ಮರಗಳ ಕಡೆಗೆ ಕೂಗಿ, ಉಳಿದ ಅಕ್ಕಿ, ಒಂದು ಕಂಬಳಿ ಬಿಟ್ಟು ಇಳಿದು ಬಂದೆ. ದಾರಿಯಲ್ಲಿ ಸಿಕ್ಕ ಮೊದಲ ಫೋನಿನಿಂದಲೇ ಅಕ್ಕನಿಗೆ ಹೇಳಿದೆ. ಆಕೆ ಬಹಳ ಹೊತ್ತು ಅತ್ತು, ಕೊನೆಗೆ ಕೇಳಿದ್ದು ಒಂದೇ: “ಉಂಡ್ನಾ?” ಉಂಡ ಎಂದೆ.

ಮಂಗಳವಾರ ಸಂಜೆ ಲೋಕಿಯ ಫೋನು ಬಂತು.

“ಏನಣ್ಣಾ, ತಡೀಲಾರ್ದೆ ಊರಿಗೆ ಫೋನ್ ಮಾಡಿದ್ರೆ ಅಕ್ಕ ಎಲ್ಲ ಹೇಳಿದ್ಲು. ಅವಳ ಸಮಾಧಾನಕ್ಕೆ ಚೆನ್ನಾಗೇ ಕತೆ ಕಟ್ಟಿದೀಯಾ! ನಾನು ನಿಮ್ಮನೆ ಬಿಟ್ಟ ವಾರದಿಂದ ಟೆಕ್ಸಾಸಲ್ಲಿವ್ನಿ. ನಾಚ್ಕೆ ಆಗಿ ಯಾರ್ಗೂ ಹೇಳ್ಲಿಲ್ಲ. ಗ್ಯಾಸ್ ಸ್ಟೇಷನ್ನಲ್ಲಿ ಕೆಲ್ಸ.”

ನಾನು ಸುಲಭಕ್ಕೆ ನಂಬುವವನಲ್ಲ. ನಂಬರು ತೆಗೆದುಕೊಂಡು, ಫೋನಿಟ್ಟು, ತಿರುಗಿ ಮಾಡಿದೆ. ಆ ಪೆಟ್ರೋಲ್ ಬಂಕಿನ ಮಾಲೀಕ ಎತ್ತಿದ, ಗುಜರಾತಿನವನು. ಲೋಕೇಶ ಒಂದು ದಿನವೂ ಕೆಲಸ ತಪ್ಪಿಸಿಲ್ಲ ಎಂದ. ಮತ್ತೆ ಲೋಕಿಗೆ ಕೊಡಿಸಿಕೊಂಡು ನಡೆದದ್ದೆಲ್ಲ ಹೇಳಿದೆ. ಅವನು ನಗುವುದನ್ನು ನಿಲ್ಲಿಸಿದ. “ಹಂಗಾದ್ರೆ ಉಂಡೋನು ಯಾರಣ್ಣಾ?” ಅಂದ.

ಆ ಶನಿವಾರ ಹೋದೆ. ಹಿಂದಿನ ದಿನವೇ ಜೋರು ಮಳೆ ಹಿಡಿದು ಗೇಟಿಗೆ ಬೀಗ ಬಿದ್ದಿತ್ತು. ಮುಚ್ಚುವ ಮುಂಚೆ ಎಲ್ಲ ದಾರಿಗಳನ್ನೂ ನೋಡಿಕೊಂಡೇ ಬಂದೆವು, ಯಾರೂ ಇರಲಿಲ್ಲ, ಕಾರೂ ಇರಲಿಲ್ಲ ಎಂದು ರೇಂಜರ್ ಹೇಳಿದ. ಅಕ್ಕಿ, ಕಂಬಳಿ ಏನಾದರೂ ಕಂಡಿತೇ ಎಂದು ಕೇಳಿದೆ. ಇಲ್ಲ ಎಂದ. ವಸಂತದಲ್ಲಿ ಹೋದಾಗ ಆ ಓಕ್ ಮರದ ಕೆಳಗೆ ಯಾರೋ ಎಲ್ಲರಂತೆ ಬಳೆಯಾಗಿ ಕಲ್ಲು ಜೋಡಿಸಿದ್ದರು.

ಲೋಕಿ ಈಗ ಅಲ್ಲೇ ಟೆಕ್ಸಾಸಿನಲ್ಲಿ ಎರಡು ಗ್ಯಾಸ್ ಸ್ಟೇಷನ್ನಿನ ಒಡೆಯ. ಅದು ದೆವ್ವವೇ ಎನ್ನುತ್ತಾನೆ. ಆಮೇಲೆ ನಾನು ಮದುವೆಯಾದ ಹೆಂಡತಿ, ಒಂಟಿತನದಲ್ಲಿ ಏನೇನೋ ಕೇಳಿಸುತ್ತದೆ ಎನ್ನುತ್ತಾಳೆ. ಹಾಗಾದರೆ ತಟ್ಟೆ ತೊಳೆದವರು ಯಾರು ಎಂದರೆ ಮಾತು ಬದಲಿಸುತ್ತಾಳೆ. ನಾನು ಬೇರೆಯದೇ ಯೋಚಿಸಿದ್ದೇನೆ. ಆ ವರ್ಷ ಕೆಲಸ ಕಳೆದುಕೊಂಡವನು ಲೋಕಿ ಒಬ್ಬನೇ ಅಲ್ಲ. ಕಲ್ಲು ಮಲಗಿಸುವ ಗಾಡಿಯವರ ಆ ರೂಢಿ ಮದ್ದೂರಿನ ಕಡೆಯ ಎಷ್ಟೋ ಮನೆಗಳಲ್ಲಿದೆಯಂತೆ. ನಮ್ಮ ಜನರ ನಡುವೆ ಯಾರಾದರೂ ಕಾಣೆಯಾಗಿದ್ದರೇ ಎಂದು ನನಗೆ ಗೊತ್ತಿದ್ದವರನ್ನೆಲ್ಲ ವಿಚಾರಿಸಿದೆ. ಯಾರ ಮನೆಯವರೂ ಯಾರನ್ನೂ ಹುಡುಕುತ್ತಿರಲಿಲ್ಲ. ಕಾರಿಲ್ಲದೆ ಆ ಬೆಟ್ಟಕ್ಕೆ ಯಾರೂ ಹತ್ತಲಾರರು. ಮೆತ್ತಗಿನ ಆ ಮಣ್ಣಿನ ದಾರಿಯಲ್ಲಿ ನಾನು ಹೊರಡುವಾಗ ಇದ್ದದ್ದು ನನ್ನ ಟೈರಿನ ಗುರುತು ಮಾತ್ರ. ಅದು ಮನುಷ್ಯ ಎಂದರೆ ಇದಕ್ಕೆ ಉತ್ತರವಿಲ್ಲ, ಮನುಷ್ಯನಲ್ಲ ಎಂದರೆ ಬೆಳಗಿದ ತಟ್ಟೆಗೆ ಉತ್ತರವಿಲ್ಲ.

ಯಾವುದೇ ಆಗಿರಲಿ, ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಇಡೀ ಸಂಜೆ ನಾನು ಲೋಕಿ, ಲೋಕಿ ಎಂದೇ ಕರೆದೆ. ಅವನ ಅಕ್ಕ ಫೋನು ಮಾಡಿದ್ದರು ಎಂದೆ, ಅವ್ವನಿಗೆ ಇನ್ನೂ ಗೊತ್ತಿಲ್ಲ ಎಂದೆ. ಅದಕ್ಕೆಲ್ಲ ಹೂಂ ಅಂದವರು, ನಾನು ಅವನಲ್ಲ ಎಂದು ಒಂದು ಸಲವಾದರೂ ಯಾಕೆ ಹೇಳಲಿಲ್ಲ?