ಕುಂತಲ್ಲೇ ಕ್ಷೇತ್ರ ದಾಟಿದ ಮಲಕಮ್ಮ

ಹಿರೇಹಳ್ಳದ ದೊಡ್ಡಿಯ ಮಲಕಮ್ಮನ ಬಳಿ ಎಷ್ಟು ಕುರಿಗಳಿವೆ ಎಂಬುದು ಅವಳಿಗೆ ಮತ್ತು ಅವಳ ಮೈದುನ ಮಾನಪ್ಪನಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ. ಕೇಳಿದವರಿಗೆ ಸಿಗುವುದು ಒಂದೇ ಉತ್ತರ: “ಮೈಲಾರಲಿಂಗ ಕೊಟ್ಟಷ್ಟು ಅದಾವ.” ಲಸಿಕೆ ಹಾಕಲು ಬಂದ ಪಶುವೈದ್ಯರಿಗೂ ಅಷ್ಟೇ. ಅವರು ತಾವೇ ಎಣಿಸಿಕೊಳ್ಳಬೇಕು. ಎಣಿಸುವಾಗ ಅವಳು ಮುಖ ಆಚೆ ತಿರುಗಿಸಿ ನಿಲ್ಲುತ್ತಾಳೆ. ಹೊರಗಿನವರಿಗೆ ತಲೆ ಎಣಿಸಿ ಹೇಳಿದರೆ ತಲೆ ಕಡಿಮೆಯಾಗುತ್ತವೆ ಎಂಬುದು ಕುರಿ ಸಾಕುವ ಮನೆಗಳ ನಂಬಿಕೆ. ಮನುಷ್ಯರ ತಲೆಗೂ ಇದೇ ನಿಯಮ. ಮನೆಯಲ್ಲಿ ಎಷ್ಟು ಮಂದಿ ಎಂದು ಅಪರಿಚಿತರು ಕೇಳಿದರೆ ಒಂದೆರಡು ಕಡಿಮೆ ಹೇಳುವುದು ವಾಡಿಕೆ.

ದೊಡ್ಡಿ ಎಂದರೆ ಮೊದಲು ಕುರಿ ಕೂಡಿಹಾಕುವ ಜಾಗ. ಕುರಿಯ ಜೊತೆ ಕಾಯುವವರು ನಿಂತರು, ಗುಡಿಸಲು ಎದ್ದವು, ಕಾಲಾಂತರದಲ್ಲಿ ಪರಸಿ ಕಲ್ಲು ಹಾಸಿದ ಮನೆಗಳಾದವು. ಈಗ ಇಪ್ಪತ್ತೆರಡು ಮನೆ. ಶಹಾಪುರದಿಂದ ವಡಗೇರಾಕ್ಕೆ ಹೋಗುವ ಬಸ್ಸು ಹಳ್ಳದ ಆಚೆಗೇ ನಿಲ್ಲುತ್ತದೆ. ಕಾಲುವೆಯ ನೀರೂ ಹಾಗೆಯೇ. ಆಚೆ ಭತ್ತ, ಈಚೆ ತೊಗರಿ ಮತ್ತು ಕುರಿ.

ಮಲಕಮ್ಮನಿಗೆ ಈಗ ಅರವತ್ತೆರಡು. ತವರು ಸುರಪುರದ ಕಡೆ. ಹದಿನಾರಕ್ಕೆ ಮದುವೆಯಾಗಿ ಈ ದೊಡ್ಡಿಗೆ ಬಂದಳು. ಗಂಡ ಮಲ್ಲಿನಾಥ ವರ್ಷದಲ್ಲಿ ಆರು ತಿಂಗಳು ಕುರಿಯ ಹಿಂದೆ ಅಲೆಯುತ್ತಿದ್ದ. ಆದ್ದರಿಂದ ಮನೆಯ ಮಾತು, ಊರಿನ ಮಾತು ಎರಡೂ ಅವಳ ಪಾಲಿಗೆ ಬಂದವು. ಅವನು ಸತ್ತು ನಾಲ್ಕು ವರ್ಷವಾಯಿತು. ಓದು ಬರುವುದಿಲ್ಲ. ಆದರೂ ದೊಡ್ಡಿಯ ಅರ್ಧ ಮನೆಗಳು ಯಾವುದಕ್ಕೆ ಹೆಬ್ಬೆಟ್ಟು ಒತ್ತಬೇಕು, ಯಾವುದಕ್ಕೆ ಒತ್ತಬಾರದು ಎಂದು ಅವಳನ್ನೇ ಕೇಳುತ್ತವೆ. ಅವಳು ಸಾಮಾನ್ಯವಾಗಿ ಒತ್ತಬೇಡ ಎನ್ನುತ್ತಾಳೆ.

ಅವಳು ಮೊದಲ ಮತ ಹಾಕಿದ್ದು ಇಪ್ಪತ್ತೊಂದು ತುಂಬಿದಾಗ, ಶಹಾಪುರ ಕ್ಷೇತ್ರಕ್ಕೆ. ಮುಂದೆ ಸುಮಾರು ಇಪ್ಪತ್ತು ವರ್ಷ ಅಲ್ಲಿಗೇ ಹಾಕಿದಳು. ಎರಡು ಸಾವಿರದ ಎಂಟರ ಚುನಾವಣೆಗೆ ಅವಳು ಒಂದು ಗಟ್ಟಿ ಉದ್ದೇಶದಿಂದ ಹೊರಟಿದ್ದಳು. ಹಳ್ಳಕ್ಕೆ ಸೇತುವೆ ಕಟ್ಟಿಸುತ್ತೇನೆಂದು ಎರಡು ಸಲ ಹೇಳಿ ಹೋಗಿದ್ದ ಒಬ್ಬ ಅಭ್ಯರ್ಥಿಯನ್ನು ಸೋಲಿಸಬೇಕಿತ್ತು. ಅದೇ ಶಾಲೆ, ಅದೇ ಕೋಣೆ. ಯಂತ್ರದ ಮೇಲೆ ಅವನ ಎದುರು ನಿಂತಿದ್ದ ಪಕ್ಷೇತರನ ಚಿಹ್ನೆ ಎಷ್ಟು ಹುಡುಕಿದರೂ ಇಲ್ಲ. ಅವಳು ಅಷ್ಟು ಹೊತ್ತು ನಿಂತಳೆಂದರೆ ಮತಗಟ್ಟೆಯ ಸಿಬ್ಬಂದಿ “ಒತ್ರಿ ಯವ್ವಾ, ಹಿಂದ ಮಂದಿ ನಿಂತಾರ” ಎನ್ನಬೇಕಾಯಿತು. ಹೊರಗೆ ಬಂದಾಗ ತಿಳಿಯಿತು: ದೊಡ್ಡಿ ಈಗ ಶಹಾಪುರ ಕ್ಷೇತ್ರದಲ್ಲಿಲ್ಲ, ಯಾದಗಿರಿಯಲ್ಲಿದೆ.

ಮರುದಿನವೇ ಅವಳು ಊರಿನ ಗ್ರಾಮ ಲೆಕ್ಕಿಗನನ್ನು ಹಿಡಿದಳು.

“ಯಾರ್ ಹಾಕ್ಯಾರ್ರಿ ಈ ಗಡಿ?”

“ದಿಲ್ಲಿ ಆಯೋಗದವರವ್ವ. ಜನಗಣತಿ ನೋಡಿ, ತಲಿ ಲೆಕ್ಕದ ಮ್ಯಾಲ ಹಾಕ್ಯಾರ.”

“ದಿಲ್ಲಿಯವ್ರಿಗೆ ನಮ್ಮ ದೊಡ್ಡಿ ಎಲ್ಲೈತಂತ ಹ್ಯಾಂಗ ಗೊತ್ತಾತು?”

“ಕಾಗದದಾಗ ಇರ್ತದಲ್ಲ.”

“ಕಾಗದದಾಗ ತಾನಾಗೇ ಬರಂಗಿಲ್ಲ. ಯಾರರೆ ಬಾಯಿಲೆ ಹೇಳಿರ್ಬೇಕು. ಸೇತುವಿ ಕೇಳೋರ್ನ ಗಡಿ ಆಚಿ ಹಾಕ್ಯಾರ.”

ಲೆಕ್ಕಿಗ ನಕ್ಕ. ನಕ್ಕದ್ದರಿಂದ ಅವಳ ಅನುಮಾನ ಖಾತ್ರಿಯಾಯಿತು. ತವರಿನ ಕಡೆ ವಿಚಾರಿಸಿದರೆ ಅಲ್ಲಿಯೂ ಅದೇ ವರ್ಷ ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಯಾರು ನಿಲ್ಲಬಹುದು ಎಂಬುದೇ ಬದಲಾಗಿತ್ತು. ಎರಡು ವರ್ಷ ಕಳೆಯುವುದರೊಳಗೆ ಜಿಲ್ಲೆ ಗುಲಬರ್ಗಾ ಹೋಗಿ ಯಾದಗಿರಿಯಾಯಿತು. ಮತ್ತೆ ಕೆಲವು ವರ್ಷಕ್ಕೆ ತಾಲ್ಲೂಕು ಶಹಾಪುರ ಹೋಗಿ ವಡಗೇರಾ ಆಯಿತು. ಪಹಣಿಗೆ ವಡಗೇರಾ, ಮತಕ್ಕೆ ಯಾದಗಿರಿ, ಸಂತೆಗೆ ಮಾತ್ರ ಈಗಲೂ ಶಹಾಪುರ. ಮಲಕಮ್ಮ ಕುಳಿತಲ್ಲಿಂದ ಒಂದು ಗೇಣೂ ಸರಿದಿರಲಿಲ್ಲ.

ಪ್ರತಿ ಸಲವೂ ಬದಲಾವಣೆಗೆ ಮುಂಚೆ ಯಾರೋ ಒಬ್ಬರು ಪುಸ್ತಕ ಹಿಡಿದು ಬಂದು ಏನೋ ಕೇಳಿಕೊಂಡು ಹೋಗಿದ್ದರು. ಇದನ್ನು ಅವಳು ನೆನಪಿಟ್ಟುಕೊಂಡಳು, ಮತ್ತು ಅದರಿಂದ ತನ್ನದೇ ಒಂದು ಸಿದ್ಧಾಂತ ಮಾಡಿಕೊಂಡಳು: ಉತ್ತರ ಹೇಳಿದವರನ್ನು ಎತ್ತಿ ಬೇರೆ ಕಡೆ ಹಾಕುತ್ತಾರೆ. ತರ್ಕದಲ್ಲಿ ದೋಷವಿತ್ತು. ಅನುಭವದಲ್ಲಿ ಇರಲಿಲ್ಲ.

ಈ ವರ್ಷ ಮತದಾರರ ಪಟ್ಟಿಯನ್ನು ಎರಡು ಸಾವಿರದ ಎರಡರ ಹಳೆಯ ಪಟ್ಟಿಗೆ ಹೋಲಿಸಿ ಮೊದಲಿನಿಂದ ಪರಿಶೀಲಿಸುವ ಕೆಲಸ ಶುರುವಾಗುತ್ತದೆ ಎಂಬ ಸುದ್ದಿಯನ್ನು ದೊಡ್ಡಿಗೆ ತಂದವನು ದ್ಯಾವಪ್ಪ. ಪಂಚಾಯಿತಿಯ ಸುತ್ತ ಓಡಾಡಿ, ಎಲ್ಲ ಪಕ್ಷಗಳಿಗೂ ಸ್ವಲ್ಪ ಸ್ವಲ್ಪ ಬೇಕಾಗಿದ್ದ ಮನುಷ್ಯ.

“ಅಕ್ಕ, ಎರಡು ಕಡಿ ಹೆಸರು ಇದ್ದವ್ರ ಮ್ಯಾಲ ಕೇಸ್ ಹಾಕತಾರಂತ,” ಎಂದ. “ನಿಮ್ಮ ದೊಡ್ಡಿಯವ್ರ ಹೆಸರು ಶಹಾಪುರದ ಹಳೇ ಲಿಸ್ಟಿನ್ಯಾಗೂ ಐತಿ, ಯಾದಗಿರಿ ಲಿಸ್ಟಿನ್ಯಾಗೂ ಐತಿ. ನೋಡ್ಕೊಂಡು ಮಾತಾಡ್ರಿ.”

ದ್ಯಾವಪ್ಪನ ಮಾತನ್ನು ಮಲಕಮ್ಮ ಅದುವರೆಗೆ ಒಂದು ದಿನವೂ ನಂಬಿರಲಿಲ್ಲ. ಅವತ್ತು ನಂಬಿದಳು. ಒಳ್ಳೆಯ ಸುದ್ದಿ ತರುವವನು ಸುಳ್ಳು ಹೇಳಬಹುದು, ಕೆಟ್ಟ ಸುದ್ದಿ ತರುವವನಿಗೆ ಏನು ಲಾಭ ಎಂಬುದು ಅವಳ ಲೆಕ್ಕ. ಸಂಶಯದ ಜನರನ್ನು ಮೋಸಗೊಳಿಸುವುದು ಸುಲಭ. ಅವರಿಗೆ ಹೆದರಿಕೆಯನ್ನು ಕೊಟ್ಟರೆ ಸಾಕು.

ವಾರದೊಳಗೆ ಅನುರಾಧಾ ಬಂದಳು. ಗೋಗಿಯವಳು, ಹಳ್ಳದ ಆಚೆಯ ಶಾಲೆಯ ಶಿಕ್ಷಕಿ. ಈ ಮತಗಟ್ಟೆಯ ಪಟ್ಟಿಯ ಕೆಲಸವನ್ನು ಅವಳಿಗೆ ಒಪ್ಪಿಸಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟಿ ಬಂದು, ಕಟ್ಟೆಯ ಮೇಲೆ ಕುಳಿತು ಫಾರ್ಮುಗಳನ್ನು ತೆಗೆದಳು.

“ಅಮ್ಮಾರ, ಎರಡು ಸಾವಿರದ ಎರಡರ ಲಿಸ್ಟಿನ್ಯಾಗ ನಿಮ್ಮ ಹೆಸರು ಎಲ್ಲಿತ್ರಿ?”

“ಎಲ್ಲ್ಯೂ ಇದ್ದಿಲ್ಲ.”

“ಅವಾಗ ನಿಮಗ ನಲವತ್ತರ ಹತ್ರ ಇರ್ಬೇಕು. ವೋಟ್ ಹಾಕಿದ್ದಿಲ್ಲೇನ್ರಿ?”

“ಅವಾಗ ನಾ ಕುರಿ ಹಿಂದಿದ್ದೆ.”

“ಮದಿವಿ ಆಗಿ ಇದೇ ಊರಿಗೆ ಬಂದೀರಲ್ಲ?”

“ಹೌದು. ಬಂದಾಗಿಂದ ಕುರಿ ಹಿಂದೇ ಅದೀನಿ.”

ಪಕ್ಕದಲ್ಲಿ ಕಂಬಳಿ ಝಾಡಿಸುತ್ತಿದ್ದ ಮಾನಪ್ಪ ಬಾಯಿ ಹಾಕಿದ. “ಟೀಚರ, ನಮ್ಮ ವೈನಿ ಬಾಯಿಂದ ಖರೇ ಲೆಕ್ಕ ತೆಗಸಿದ್ರ ನಿಮಗೊಂದು ಟಗರು ಕೊಡತೀನಿ.”

“ಟಗರು ನಿಂದಲ್ಲ,” ಎಂದಳು ಮಲಕಮ್ಮ.

ಅನುರಾಧಾ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಳು. ಮುಂದಿನ ಮನೆಯವರೂ ಎಲ್ಲಿಯೂ ಇರಲಿಲ್ಲ ಎಂದರು. ಅದರ ಮುಂದಿನವರೂ. ಮಲಕಮ್ಮ ಹಿಂದಿನ ದಿನವೇ ಮನೆ ಮನೆಗೆ ಹೇಳಿಟ್ಟಿದ್ದಳು. ಹನ್ನೊಂದು ಮನೆಗಳ ಪ್ರಾಯದವರು, ಮುದುಕರು ಎಲ್ಲರೂ ಹಳೆಯ ಪಟ್ಟಿಯಲ್ಲಿ ಇಲ್ಲದವರಾದರು.

ಒಂದೂವರೆ ತಿಂಗಳಿಗೆ ನೋಟಿಸು ಬಂದವು. ಹಳೆಯ ಪಟ್ಟಿಯ ಸಂಬಂಧ ಸಿಕ್ಕಿಲ್ಲ. ವಡಗೇರಾದ ತಹಶೀಲ್ದಾರರ ಕಚೇರಿಗೆ ದಾಖಲೆಗಳೊಂದಿಗೆ ಬರಬೇಕು, ಇಲ್ಲವಾದರೆ ಹೆಸರು ಉಳಿಯುವುದಿಲ್ಲ. ಕೇಳಿದ ದಾಖಲೆಗಳಲ್ಲಿ ಮಲಕಮ್ಮನ ಬಳಿ ಒಂದೂ ಇರಲಿಲ್ಲ. ಜನನ ಪತ್ರವಿಲ್ಲ, ಶಾಲೆಗೆ ಹೋದವಳಲ್ಲ, ಹೊಲ ಗಂಡನ ಹೆಸರಿನಿಂದ ಇನ್ನೂ ಇಳಿದಿಲ್ಲ. ಶಹಾಪುರದಿಂದ ಎತ್ತಿ ಯಾದಗಿರಿಗೆ ಹಾಕಿದವರು ಈಗ ಎಲ್ಲಿಯೂ ಹಾಕದೆ ಬಿಡುತ್ತಾರೆ ಎಂಬುದು ಅವಳಿಗೆ ಸ್ಪಷ್ಟವಾಯಿತು.

ಅನುರಾಧಾ ಮತ್ತೆ ಬಂದಳು. ಈ ಸಲ ಕೈಯಲ್ಲಿ ಶಹಾಪುರ ಕ್ಷೇತ್ರದ ಹಳೆಯ ಪಟ್ಟಿಯ ನಾಲ್ಕು ಹಾಳೆಗಳಿದ್ದವು.

“ಇಲ್ಲೈತಿ ನೋಡ್ರಿ. ಮಲಕಮ್ಮ, ಗಂಡ ಮಲ್ಲಿನಾಥ, ವಯಸ್ಸು ಮೂವತ್ತೆಂಟು. ಇಷ್ಟಿದ್ದೂ ಯಾಕ ಇಲ್ಲಂದ್ರಿ?”

ಮಲಕಮ್ಮ ಹಾಳೆಯನ್ನು ಮುಟ್ಟಲಿಲ್ಲ. “ಹೂಂ ಅಂದ್ರ ಎರಡು ಕಡಿ ಹೆಸರೈತಂತ ಕೇಸ್ ಆಗತದ.”

“ಯಾರ್ ಹೇಳ್ಯಾರ?”

“ಹೇಳ್ಯಾರ.”

“ಹಳೇ ಲಿಸ್ಟ್ ಸತ್ತ ಲಿಸ್ಟ್. ಅದರಾಗ ಇದ್ರ ಗುನ್ಹೆ ಅಲ್ಲ, ಅದೇ ಪುರಾವಿ. ನೀವು ಅಲ್ಲಿದ್ದೋರೇ ಇಲ್ಲಿ ಬಂದೀರಂತ ತೋರಸಾಕ ಬೇಕು.”

ಮಲಕಮ್ಮನಿಗೆ ಇನ್ನೊಂದು ಅನುಮಾನ ಬಂತು. “ನಿನಗ್ಯಾಕ ಇಷ್ಟ ಕಾಳಜಿ? ಬಿಸಿಲಾಗ ಎರಡು ಸಲ ಹಳ್ಳ ದಾಟಿ ಬಂದಿ. ನಿನಗೇನು ಸಿಗತದ?”

ಅನುರಾಧಾಳಿಗೆ ಸಿಟ್ಟು ಬಂತು. “ಸಿಗೋದು ಮೆಮೊ. ಹನ್ನೊಂದು ಮನಿ ಒಂದೇ ಕಡಿ ಹ್ಯಾಂಗ ಬಿಟ್ಟು ಹೋದವಂತ ನನ್ನ ಕೇಳಾಕತ್ತಾರ. ನಿಮ್ಮ ಮ್ಯಾಲಿನ ಪ್ರೀತಿಗೆ ಬಂದಿಲ್ಲ ನಾನು.”

ಇದು ಮಲಕಮ್ಮನಿಗೆ ಹಿಡಿಸಿತು. ಸ್ವಂತ ಕೆಲಸಕ್ಕೆ ಬಂದವರು ಅರ್ಧದಲ್ಲಿ ಬಿಟ್ಟು ಹೋಗುವುದಿಲ್ಲ. “ಮನಿ ಹೆಸರು ಪೂರಾ ಓದು,” ಎಂದಳು.

ಅನುರಾಧಾ ಓದಿದಳು. ಮಲಕಮ್ಮನ ಅತ್ತೆ ದೇವಕಮ್ಮ, ಗಂಡ ಮಲ್ಲಿನಾಥ, ಕೊನೆಗೆ ಮಲಕಮ್ಮ. ಅಲ್ಲಿಗೆ ಮುಗಿಯಿತು.

“ಮಾನಪ್ಪ?”

“ಇಲ್ಲ. ಇದರ ಹಿಂದಿನ ವರ್ಷದ ಜನಗಣತಿ ಸುದ್ದಿನೂ ಕೇಳೀನಿ, ದೊಡ್ಡಿಯವ್ರು ಅರ್ಧಾ ತಲಿನೇ ಬರಸಿಲ್ಲಂತ ಮಂದಿ ನಗತಾರ. ಕ್ಷೇತ್ರ ಕಡಿಯೋದು ಅದೇ ತಲಿ ಎಣಿಸಿ. ನಿಮ್ಮ ದೊಡ್ಡಿ ಒಂದರಿಂದ ಏನೂ ಆಗಿಲ್ಲ ಬಿಡ್ರಿ. ಆದ್ರ ಯಾರೋ ಹೇಳ್ಯಾರ, ಯಾರೋ ಹೇಳ್ಯಾರ ಅಂತೀರಲ್ಲ, ಹೇಳೋದು ಬಿಟ್ಟೋರು ನೀವು.”

ಆ ಹಳೆಯ ಪಟ್ಟಿಯ ಕೆಲಸಕ್ಕೆ ಮಾಸ್ತರರೊಬ್ಬರು ಬಂದ ದಿನ ಮಲಕಮ್ಮನಿಗೆ ಚೆನ್ನಾಗಿ ನೆನಪಿತ್ತು. ಮಾನಪ್ಪನಿಗೆ ಆಗ ಮೂವತ್ತೊಂದು. ಅವನ ಹೆಸರು ನಂತರ ಯಾದಗಿರಿಯ ಪಟ್ಟಿಯಲ್ಲಿ ಸೇರಿತ್ತು, ಹದಿನೆಂಟು ವರ್ಷ ಅವನು ಮತ ಹಾಕಿದ್ದ. ಆದರೆ ಈಗ ಕೇಳುತ್ತಿದ್ದುದು ಹಳೆಯ ಪಟ್ಟಿ.

ಆ ಸಂಜೆ ಅವಳು ತನ್ನದನ್ನು ಬಿಟ್ಟು ಉಳಿದ ಹತ್ತು ಮನೆಗೂ ಹೋದಳು. ಪ್ರತಿ ಬಾಗಿಲಲ್ಲಿ ನಿಂತು, ಒಳಗೆ ಬಾ ಎಂದರೂ ಹೋಗದೆ, ಒಂದೇ ಮಾತು ಹೇಳಿದಳು: “ನಾ ಹೇಳಿದ್ದು ತಪ್ಪು. ಶಹಾಪುರದಾಗ ಹೆಸರಿತ್ತಂತ ಬರಸ್ರಿ.” ಒಂದು ಮನೆಯ ಮುದುಕ, “ನಿನ್ನ ಮಾತು ಕೇಳಿದ್ದೇ ತಪ್ಪು ಅನ್ನು,” ಎಂದ. ಅವಳು ಅದನ್ನೂ ಕೇಳಿಸಿಕೊಂಡು ಮುಂದಿನ ಮನೆಗೆ ನಡೆದಳು.

ವಿಚಾರಣೆಯ ದಿನ ವಡಗೇರಾದ ಕಚೇರಿಯಲ್ಲಿ ಅವಳ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಹಳೆಯ ಪಟ್ಟಿಯ ಹಾಳೆ ಇತ್ತು, ಹೆಸರು ಹೊಂದಿತು. ಮಾನಪ್ಪನದು ಹೊಂದಲಿಲ್ಲ. ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವನು, ಮಾತು ನಿಧಾನ.

“ಪಟ್ಟಿಯೊಳಗ ಇವರ ತಾಯಿ ಹೆಸರದ, ಅಣ್ಣನ ಹೆಸರದ. ಅವಾಗ ಇವರು ಎಲ್ಲಿದ್ರು?”

“ಮನ್ಯಾಗಿದ್ದ,” ಎಂದಳು ಮಲಕಮ್ಮ. “ಒಳಗ ಉಣ್ಣಾಕತ್ತಿದ್ದ.”

“ಮತ್ತ ಯಾಕ ಬರಸಿಲ್ಲ?”

“ಮಾಸ್ತರ ಹೊರಗ ಕುಂತು ಎಷ್ಟು ಮಂದಿ ಅಂತ ಕೇಳಿದ್ರು. ಪೂರಾ ಲೆಕ್ಕ ಹೇಳಬಾರದಂತ ಮೂರು ಮಂದಿ ಅಂದೆ.”

ಕೋಣೆಯಲ್ಲಿದ್ದ ಕೆಲವರು ನಕ್ಕರು. ಮಾನಪ್ಪ ಅವರ ಕಡೆ ತಿರುಗಿ, “ನಗಬ್ಯಾಡ್ರಿ, ಉಂಡಿದ್ದಕ್ಕರೆ ಸಾಕ್ಷಿ ಸಿಕ್ಕಾತು,” ಎಂದ.

ಅಧಿಕಾರಿ ನಗಲಿಲ್ಲ. ಅವಳ ಹೇಳಿಕೆಯನ್ನು ಬರೆಸಿಕೊಂಡ. ಅವಳು ಅದನ್ನು ಎರಡು ಸಲ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು. ಆದರೆ ಹೇಳಿಕೆ ಸಾಲದು, ಅಣ್ಣನ ಹೆಸರೂ ನಡೆಯುವುದಿಲ್ಲ, ತಾಯಿಗೂ ಮಗನಿಗೂ ಸಂಬಂಧ ತೋರಿಸುವ ಕಾಗದ ಬೇಕು ಎಂದ. ಮೂರನೆಯ ತರಗತಿಗೆ ಬಿಟ್ಟ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿತ್ತು, ಆಧಾರಿನಲ್ಲಿಯೂ ತಂದೆಯ ಹೆಸರೇ. ತಂದೆ ಪಟ್ಟಿ ಬರುವ ಮುಂಚೆಯೇ ಸತ್ತಿದ್ದ. ತಾಯಿಯ ಹೆಸರು ಅವನ ಯಾವ ಕಾಗದದಲ್ಲೂ ಇರಲಿಲ್ಲ.

ಅಂತಿಮ ಪಟ್ಟಿ ಬಂದಾಗ ಹತ್ತು ಮನೆಗಳ ಹೆಸರುಗಳೆಲ್ಲ ಉಳಿದಿದ್ದವು. ಹನ್ನೊಂದನೆಯದು ಮಲಕಮ್ಮನದು, ಅಲ್ಲಿ ಅವಳ ಹೆಸರಿತ್ತು, ಮಾನಪ್ಪನದಿರಲಿಲ್ಲ. ಹೊಸ ಮತದಾರನೆಂದು ಅರ್ಜಿ ಹಾಕಬಹುದು ಎಂದು ಅನುರಾಧಾ ತಿಳಿಸಿದಳು.

“ನೋಡು ವೈನಿ,” ಎಂದ ಐವತ್ತೈದರ ಮಾನಪ್ಪ. “ನಿನ್ನ ದಯಾದಿಂದ ನನಗ ಹದಿನೆಂಟು ತುಂಬಿತು. ಇನ್ನ ಹೆಣ್ಣು ನೋಡು.”

ಅವಳು ನಗಲಿಲ್ಲ. ಅರ್ಜಿಯಲ್ಲಿ ಕುಟುಂಬದವರೊಬ್ಬರ ಗುರುತಿನ ಸಂಖ್ಯೆ ಕೇಳುವ ಜಾಗದಲ್ಲಿ ತನ್ನದನ್ನು ಬರೆಸಿದಳು. ಆ ನಂತರ ಮೂರು ಸಲ ಅವನನ್ನು ಕರೆದುಕೊಂಡು ವಡಗೇರಾಕ್ಕೆ ಹೋದಳು. ಮೊದಲನೆಯ ಸಲ ಪರಿಶೀಲನೆಯಲ್ಲಿದೆ ಎಂದರು. ಎರಡನೆಯ ಸಲ ಸರ್ವರ್ ಇಲ್ಲ ಎಂದರು. ಸರ್ವರ್ ಬರುವತನಕ ಕೂಡುತ್ತೇನೆಂದು ಅವಳು ಸಂಜೆಯ ಬಸ್ಸಿನವರೆಗೆ ಬೆಂಚಿನ ಮೇಲೆ ಕುಳಿತಿದ್ದಳು. ಮೂರನೆಯ ಸಲ ಗುಮಾಸ್ತ ಅಯಾಜ್ ಅವಳನ್ನು ಬಾಗಿಲಲ್ಲಿ ಕಂಡೊಡನೆ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ.

ಅಕ್ಷರ ಓದಲು ಬಾರದಿದ್ದರೂ ಚಿತ್ರ ಮಾನಪ್ಪನದೇ ಎಂದು ಗೊತ್ತಾಯಿತು. “ಹೆಸರು ಓದ್ರಿ,” ಎಂದಳು.

“ಮಾನಪ್ಪ.”

“ಕ್ಷೇತ್ರ?”

“ಯಾದಗಿರಿ.”

“ಮುಂದಿನ ಸಲಾನೂ ಇದೇ ಇರತದೇನು?”

ಅಯಾಜ್ ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡ. “ಮತ್ತ ಜನಗಣತಿ ಆಗತದ, ಮತ್ತ ಕ್ಷೇತ್ರ ಕಡಿತಾರ ಅಂತಾರ. ಎಲ್ಲಿ ಹಾಕತಾರೋ ನನಗರೆ ಏನು ಗೊತ್ರಿ?”

ಈ ಕಚೇರಿಯಲ್ಲಿ ತನಗೆ ಪೂರ್ತಿ ನಂಬಬಹುದಾದ ಮಾತು ಸಿಕ್ಕಿದ್ದು ಇದೇ ಮೊದಲು ಎಂದು ಅವಳಿಗೆ ಅನಿಸಿತು. ಪರದೆಯ ಮೇಲಿನದನ್ನು ಕಾಗದದ ಮೇಲೆ ತೆಗೆದುಕೊಡುವಂತೆ ಹೇಳಿ, ಅದು ಹೊರಬರುವವರೆಗೂ ಯಂತ್ರದ ಮೇಲಿಂದ ಕಣ್ಣು ತೆಗೆಯದೆ ನಿಂತಳು.