ಖಾಲಾ ಮಾತಾಡುತ್ತಿದ್ದ ಮೂಲೆ

ಮೊನ್ನೆ ಅಂಗಡಿಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಹೆಡ್‌ಫೋನ್ ಒಂದು ಕೈಗೆ ಬಂತು. ಸ್ಪಂಜು ಪುಡಿಪುಡಿಯಾಗಿತ್ತು. ಮೂಗಿಗೆ ಹಿಡಿದರೆ ಅತ್ತರಿನ ವಾಸನೆ... ನನ್ನ ಭ್ರಮೆಯೇ ಇರಬೇಕು, ಇಷ್ಟು ವರ್ಷ ಯಾವ ಅತ್ತರು ಉಳಿದೀತು? ಆದರೂ ಖಾಲಾ ನೆನಪಾದರು.

ಆಗ ಶಹಾಪುರ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದು ಇಂಟರ್‌ನೆಟ್ ಅಂಗಡಿ. ಖಾಲಾ, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುತ್ತಿದ್ದ ಅವರು ನಮ್ಮ ಓಣಿಯವರು, ಬಟ್ಟೆ ಹೊಲಿದು ಬದುಕುತ್ತಿದ್ದ ವಿಧವೆ. ಒಬ್ಬಳೇ ಮಗಳನ್ನು ಸೌದಿಯಲ್ಲಿದ್ದವನಿಗೆ ಕೊಟ್ಟಿದ್ದರು. ಪ್ರತಿ ಶುಕ್ರವಾರ ಮಧ್ಯಾಹ್ನ ಮಗಳೊಡನೆ ವಿಡಿಯೋದಲ್ಲಿ ಮಾತಾಡಲು ಬರುವರು. ಅವರ ಸಲುವಾಗಿಯೇ ಮೂಲೆಯ ಕಂಪ್ಯೂಟರಿಗೆ ಪರದೆ ಕಟ್ಟಿದ್ದೆ. ಅತ್ತ ಸೌದಿಯಲ್ಲಿ ಅಳಿಯ ಜುಮ್ಮಾ ನಮಾಜಿಗೆ ಹೋದ ಹೊತ್ತಿನಲ್ಲಿ ಮಗಳು ಮೇಲಿನ ಮನೆಯ ನರ್ಸಮ್ಮನ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅತ್ತು, ಬೆನ್ನಿನ ಬಾಸುಂಡೆ ತೋರಿಸುತ್ತಿದ್ದಳಂತೆ. ಖಾಲಾ ಅಳಿಯನ ಕಡೆಯ ಹಿರಿಯರ ಕೈಕಾಲು ಹಿಡಿದು, ಮಗಳನ್ನು ಕರೆಸಲು ಹೆಚ್ಚುಕಡಿಮೆ ಒಪ್ಪಿಸಿದ್ದರು.

"ರಂಜಾನ್ ಬರೂದ್ರಾಗ ಕರಕೊಂಡ ಬರ್ತೀನ್ ನೋಡಪಾ," ಅನ್ನುತ್ತಿದ್ದರು.

ಅಷ್ಟರಲ್ಲಿ ಅಳಿಯ ಸ್ಮಾರ್ಟ್‌ಫೋನ್ ಕಳಿಸಿದ. ಅಯ್ಯ, ಖಾಲಾನ ಸಂಭ್ರಮವೇ! ಮಗಳು ಇನ್ನು ದಿನಾ ಕಾಣುತ್ತಾಳೆಂದು ಓಣಿಗೆಲ್ಲ ಖೀರು ಹಂಚಿದರು. ಕಂಡಳು ನಿಜ, ಆದರೆ ಗಂಡನ ಫೋನಿನಲ್ಲಿ, ಗಂಡನ ಪಕ್ಕದಲ್ಲಿ. ಮನೆಯಲ್ಲೇ ಫೋನ್ ಇರುವಾಗ ಮೇಲಿನ ಮನೆಗೇಕೆ ಹೋಗಬೇಕು? ಆ ನೆಪವೇ ಹೋಯಿತು.

ಮಗಳ ಬಾಯಿಂದಲೇ ಕೇಳಲಿ ಎಂದು ಖಾಲಾ ಆ ಫೋನನ್ನು ಹಿರಿಯರ ಮುಂದೆ ಒಯ್ದರು. ಫೋನು ಕೈಯಿಂದ ಕೈಗೆ ದಾಟಿತು. ಹುಡುಗಿ ಎಲ್ಲರಿಗೂ ಸಲಾಂ ಹೇಳಿ ನಕ್ಕಳು.

"ನಕ್ಕೋತ ಕುಂತಾಳಲ್ಲ, ಸುಮ್ಮ ಯಾಕ ಮಗಳ ಸಂಸಾರ ಕೆಡಸ್ತಿ?" ಎಂದು ಹಿರಿಯರು ಎದ್ದು ಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸುಡುಗಾಡು ಮೊಬೈಲು! ನನಗಂತೂ ಮೈಯೆಲ್ಲ ಉರಿಯಿತು.

ಮುಂದಿನ ಶುಕ್ರವಾರ ಖಾಲಾ ಮತ್ತೆ ಅಂಗಡಿಗೆ ಬಂದರು.

"ಆ ಮೂಲಿ ಕಂಪ್ಯೂಟರ್ ಒಂದ್ಸಲ ಚಾಲೂ ಮಾಡಪಾ. ಪರದಿ ಹಿಂದ ಆದ್ರ ಖರೇ ಹೇಳ್ತಾಳ."

ಮಾಡಿಕೊಟ್ಟೆ. ರಿಂಗ್ ಆಗುತ್ತಲೇ ಇತ್ತು... ಆ ಕಡೆ ಯಾರೂ ಎತ್ತಲಿಲ್ಲ. ನರ್ಸಮ್ಮನೂ ಮೊಬೈಲ್ ಕೊಂಡು ಕಂಪ್ಯೂಟರಿನ ಗೊಡವೆ ಬಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ಖಾಲಾ ಹೆಡ್‌ಫೋನ್ ತೆಗೆಯದೆ ಬಹಳ ಹೊತ್ತು ಕೂತಿದ್ದರು. ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದು ತೀರಿಕೊಂಡರು.

ಈಗ ನಾನು ಅದೇ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತೇನೆ. ಆ ಹುಡುಗಿಯನ್ನು ಕರೆಸುವವರು ಯಾರೂ ಉಳಿದಿಲ್ಲ. ಹೋದ ವಾರ ಸೌದಿಯಿಂದ ವಿಡಿಯೋ ಕಾಲ್ ಬಂತು. ಖಾಲಾನ ಮನೆ ಮಾರಬೇಕು, ಗಿರಾಕಿ ನೋಡ್ರಿ ಎಂದ ಅಳಿಯ. ಆಮೇಲೆ ಫೋನನ್ನು ಅವಳ ಕಡೆ ತಿರುಗಿಸಿದ.

"ನಾ ಆರಾಮ ಅದೀನಿ, ಭಯ್ಯಾ," ಅಂದಳು.

ನಾನಿನ್ನೂ ಏನೂ ಕೇಳಿರಲಿಲ್ಲ.