ಹುಲಿಗೆಮ್ಮನ ಕ್ಷಮೆ ಕೇಳಿ ವೈಫೈ ಬ್ಲಾಕ್ ಮಾಡುವ ಹಾಲಸಿದ್ದಪ್ಪ

ಕುರುಗೋಡು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಬಳ್ಳಾರಿಯ ಮೊದಲ ಬಸ್ಸಿಗೆ ಬಂದಿಳಿದ ಅಟೆಂಡರ್ ಹಾಲಸಿದ್ದಪ್ಪ ಆಗಲೇ ಕಾಲೇಜಿನ ಲ್ಯಾಬಿನಲ್ಲಿದ್ದಾರೆ. ವಿದ್ಯಾರ್ಥಿಗಳ ಲಿನಕ್ಸ್ ಲ್ಯಾಪ್‌ಟಾಪುಗಳನ್ನು ಒಂದೊಂದಾಗಿ ತೆರೆದು, ಸುತ್ತಲಿನ ವೈಫೈಗಳ ಹೆಸರು ನೋಡಿ, ಬೇಡದ್ದನ್ನು ಬ್ಲಾಕ್ ಮಾಡುತ್ತಾರೆ. ಅಟೆಂಡರ್ ಅಂದರೆ ಗಂಟೆ ಬಾರಿಸುವವರು ಅಂತ ತಿಳಿದವರು ಒಮ್ಮೆ ಇಲ್ಲಿಗೆ ಬಂದು ನೋಡಬೇಕು! "ಕಸ ಹೊಡಿಯಾಕ ಬಂದವ ನಾನು. ಸರ್ ಒಬ್ರು ಇದನ್ನ ಕಲಿಸಿ, ವರ್ಗಾ ಆಗಿ ಹೋಗಿಬಿಟ್ರು. ಅವತ್ತಿಂದ ನನ್ನ ಕೊರಳಿಗೆ ಬಿದ್ದೈತಿ ನೋಡ್ರಿ."

ಬೇಡದ್ದು ಅಂದರೆ ಕಾಂಪೌಂಡಿನಾಚೆಯ ಹಂಪಯ್ಯನ ಮಿರ್ಚಿ ಅಂಗಡಿಯ ವೈಫೈ. ಗಿರಾಕಿ ಬರಲಿ ಎಂದು ಪಾಸ್‌ವರ್ಡೇ ಇಟ್ಟಿಲ್ಲ ಪುಣ್ಯಾತ್ಮ. ಕಾಲೇಜಿನದು ತುಸು ಮಂಕಾದರೆ ಸಾಕು, ಲ್ಯಾಪ್‌ಟಾಪುಗಳು ಅತ್ತ ಜಿಗಿಯುತ್ತವೆ. ಕಳೆದ ವಾರ ಸಿರುಗುಪ್ಪದ ಜ್ಯೋತಿಯ ಆನ್‌ಲೈನ್ ಪರೀಕ್ಷೆ ಹೀಗೇ ನಡುವೆ ನಿಂತುಹೋಯಿತು. ಇವತ್ತು ಮರುಪರೀಕ್ಷೆ. ಇದೂ ಕೆಟ್ಟರೆ ಅವಳ ಒಂದು ವರ್ಷವೇ ಹೋದಂತೆ. "ಆ ಹುಡುಗಿ ಅಳೋದು ನೋಡಿ ನನಗ ಊಟಾನ ಸೇರ್ಲಿಲ್ಲರಿ," ಎನ್ನುತ್ತಾರೆ.

ಇವರು ಬ್ಲಾಕ್ ಮಾಡಿದಂತೆಲ್ಲ ಹಂಪಯ್ಯ ವೈಫೈ ಹೆಸರು ಬದಲಿಸುತ್ತಾನೆ. ಬ್ಲಾಕ್ ಆಗುವುದು ಹೆಸರಷ್ಟೇ; ಅದು ಬದಲಾದರೆ ಲ್ಯಾಪ್‌ಟಾಪುಗಳು ಮತ್ತೆ ಅತ್ತಲೇ. 'ಹಂಪಯ್ಯ ಮಿರ್ಚಿ' ಹೋಗಿ 'ಬಿಸಿಬಿಸಿ ಮಿರ್ಚಿ' ಆಯಿತು, ಅದೂ ಹೋಗಿ 'ಒಗ್ಗರಣಿ' ಆಯಿತು. ಇವತ್ತು ಪರದೆಯ ಮೇಲೆ ಬಂದು ಕೂತಿರುವುದು 'ಶ್ರೀ ಹುಲಿಗೆಮ್ಮ'. ಹಾಲಸಿದ್ದಪ್ಪನವರ ಮನೆದೇವರು!

ಕೀಬೋರ್ಡಿನ ಮೇಲೆ ಕೈಯೇ ಓಡುವುದಿಲ್ಲ. ಎದ್ದು ಕಾಂಪೌಂಡಿನ ಬಳಿ ಹೋಗಿ ಕೂಗುತ್ತಾರೆ: "ಲೇ ಹಂಪಯ್ಯ, ಇವತ್ತೊಂದಿನ ಆ ವೈಫೈ ಬಂದ್ ಮಾಡಲೇ!"

"ಬಂದ್ ಮಾಡಿದ್ರ ಮಿರ್ಚಿ ನೀ ತಿಂತೀಯೇನು? ಧೈರ್ಯ ಇದ್ರ ಬ್ಲಾಕ್ ಮಾಡು, ನೋಡ್ತೀನಿ!" ಎಂದು ಹಂಪಯ್ಯ ಕಾದ ಎಣ್ಣೆಗೆ ಮಿರ್ಚಿ ಬಿಡುತ್ತಾನೆ.

ಹಾಲಸಿದ್ದಪ್ಪ ತಿರುಗಿ ಬಂದು ಚಪ್ಪಲಿ ಬಿಡುತ್ತಾರೆ, ಪರದೆಗೆ ಕೈಮುಗಿಯುತ್ತಾರೆ. "ತಪ್ಪಾತು ನಮ್ಮವ್ವಾ. ಹುಡುಗಿ ಪರೀಕ್ಷಿ ಮುಗಿಯೋತನ ಸ್ವಲ್ಪ ಹೊರಗ ಇರು ತಾಯಿ." ಬ್ಲಾಕ್! ಮುಂದಿನ ಲ್ಯಾಪ್‌ಟಾಪಿಗೂ ಅದೇ ನಮಸ್ಕಾರ, ಅದೇ ಕ್ಷಮಾಪಣೆ. ಲ್ಯಾಬಿನಲ್ಲಿ ಒಂದನ್ನೂ ಬಿಡುವುದಿಲ್ಲ.

ಮಧ್ಯಾಹ್ನ ಜ್ಯೋತಿ ನಗುತ್ತಾ ಹೊರಗೆ ಬರುತ್ತಾಳೆ. "ಒಮ್ಮಿನೂ ನಿಲ್ಲಲಿಲ್ಲ ಕಾಕಾ!" ಹಾಲಸಿದ್ದಪ್ಪನವರ ಕಣ್ಣು ತುಂಬಿಬರುತ್ತದೆ. ಒಳಗೆ ಹೋದವರೇ ಮೊದಲು ಹುಲಿಗೆಮ್ಮನ ಹೆಸರನ್ನು ಬ್ಲಾಕಿನಿಂದ ತೆಗೆಯುತ್ತಾರೆ. ಆದರೆ ಹಠಮಾರಿ ಹಂಪಯ್ಯ ಅಷ್ಟರಲ್ಲೇ ಹೊಸ ಹೆಸರು ಇಟ್ಟಾಗಿದೆ: 'ಹಾಲಸಿದ್ದಪ್ಪ'.

ಅವರು ಪರದೆಯನ್ನೇ ನೋಡುತ್ತಾ ಕೂರುತ್ತಾರೆ. ಬೈಗುಳ ಬರುತ್ತದೆ ಎಂದು ಕಾದರೆ ಮುಖದಲ್ಲಿ ನಗು.

"ಇಷ್ಟ್ ವರ್ಷ ಆತು, ಈ ಕಾಲೇಜಿನ ಒಂದು ಬೋರ್ಡಿನ್ಯಾಗೂ ನನ್ನ ಹೆಸರು ಬರ್ದಿಲ್ಲರಿ. ಈಗ ಎಲ್ಲಾ ಲ್ಯಾಪ್‌ಟಾಪಿನ್ಯಾಗೂ ಬಂದೈತಿ. ಹೆಂಗೂ ಇವತ್ತಿನ ಪರೀಕ್ಷಿ ಮುಗೀತು, ಇವತ್ತೊಂದಿನ ಇರ್ಲಿ ಬಿಡ್ರಿ. ನಾಳಿ ಮುಂಜಾನೆ ಬಂದು ನನ್ನನ್ನ ನಾನ ಬ್ಲಾಕ್ ಮಾಡ್ತೀನಿ."